ತಿಳಿಯುವ ತನಕ ಕೂತು ಕೇಳೋಣ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಉಪನ್ಯಾಸಕರು ನಿವೃತ್ತ ಸರಕಾರಿ ಎಂಜಿನಿಯರರು.)



ಶಾಸ್ತ್ರೀಯ ಸಂಗೀತವನ್ನು ಕೇಳುವುದು ಹೇಗೆ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಪೂಜ್ಯರು ಅಪ್ಪಣೆ ಕೊಟ್ಟಾಗ ನಾನು ನಿಜಕ್ಕೂ ಗಾಬರಿಯಾದೆ. ನನಗೆ ಹಾಡಲು ಬರುವುದಿಲ್ಲ. ಯಾವ ವಾದ್ಯವೂ ಬರುವುದಿಲ್ಲ. ಮೂವತ್ತಾರು ವರ್ಷ ಕಾಲುವೆ, ಸೇತುವೆ, ಸುರಂಗ ಎಂದು ಓಡಾಡಿದವನು ನಾನು. ‘ಬುದ್ಧೀ, ಇದಕ್ಕೆ ಯಾರಾದರೂ ಗವಾಯಿಗಳನ್ನು ಕರೆಸಿರಿ’ ಎಂದೆ. ಅದಕ್ಕೆ ಪೂಜ್ಯರು ನಕ್ಕು, ‘ಗವಾಯಿಗಳು ಹೇಳಿದರೆ ಜನ ಅವರಿಗೇನು ಹುಟ್ಟಿನಿಂದ ಬಂದದ್ದು ಅಂತಾರೆ. ನೀವು ಅರವತ್ತರ ಹತ್ತಿರ ಶುರು ಮಾಡಿದವರು, ನೀವೇ ಹೇಳಬೇಕು’ ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಇಂದು ನಾನು ತಿಳಿದವನಾಗಿ ಮಾತಾಡುತ್ತಿಲ್ಲ. ತಡವಾಗಿ ಶಾಲೆಗೆ ಸೇರಿದ ವಿದ್ಯಾರ್ಥಿಯಾಗಿ ಮಾತಾಡುತ್ತಿದ್ದೇನೆ.

ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಅಪ್ಪ ಗದಗ ಸೀಮೆಯ ಒಂದು ಹಳ್ಳಿಯಲ್ಲಿ ಆರು ಎಕರೆ ಎರೆಹೊಲ ಮಾಡಿಕೊಂಡಿದ್ದವರು. ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಶನಿವಾರ ರಾತ್ರಿ ಊಟ ಮುಗಿಸಿ, ಕಟ್ಟೆಯ ಮೇಲೆ ಕಂಬಳಿ ಹಾಸಿ, ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೂಡುತ್ತಿದ್ದರು. ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ 1952ರಿಂದ ಬರುತ್ತಿತ್ತು. ಅಪ್ಪ ಅದನ್ನು ತಪ್ಪಿಸಿಕೊಂಡದ್ದು ನನಗೆ ನೆನಪಿಲ್ಲ. 1989ರಲ್ಲಿ ನಾನು ರಜೆಗೆಂದು ಊರಿಗೆ ಬಂದಿದ್ದೆ. ಅಪ್ಪನ ಪಕ್ಕದಲ್ಲಿ ಅರ್ಧ ತಾಸು ಚಡಪಡಿಸಿ, ಕೊನೆಗೆ, ‘ಯಪ್ಪಾ, ಆಗಿನಿಂದ ಒಂದ ಸಾಲ ಹಾಡಾಕತ್ತಾರ. ಇದರಾಗ ಏನೈತಿ?’ ಅಂದೆ. ಅಪ್ಪ ಸಿಟ್ಟಾಗಲಿಲ್ಲ. ‘ತಮ್ಮಾ, ತಿಳಿಯೂತನಕ ಕುಂತು ಕೇಳಿದಿ ಏನು?’ ಎಂದಷ್ಟೇ ಕೇಳಿದರು. ನಾನು ಎದ್ದು ಹೊರಗೆ ಹೋದೆ. ಅಂದು ಹಾಡುತ್ತಿದ್ದವರು ಯಾರು ಎಂಬುದೂ ನನಗೆ ಗೊತ್ತಿಲ್ಲ. ಎರಡು ವರ್ಷದ ನಂತರ ಅಪ್ಪ ಲಿಂಗೈಕ್ಯರಾದರು. ಆ ಪ್ರಶ್ನೆ ಮಾತ್ರ ನನ್ನಲ್ಲೇ ಉಳಿಯಿತು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಸೇವೆಯಲ್ಲಿದ್ದಾಗ ನಾಲ್ಕು ವರ್ಷ ಸುರಂಗದ ಕಾಮಗಾರಿ ನೋಡಿಕೊಂಡೆ. ಬಂಡೆಗೆ ಡ್ರಿಲ್ ಹಾಕುವ ಸದ್ದು, ಕಂಪ್ರೆಸರ್ ಸದ್ದು, ಅದು ಸುರಂಗದ ಗೋಡೆಗೆ ಬಡಿದು ಮರಳುವ ಸದ್ದು. 85 ಡೆಸಿಬಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ದಿನಕ್ಕೆ ಎಂಟು ತಾಸಿನಂತೆ ವರ್ಷಗಟ್ಟಲೆ ದುಡಿದರೆ ಕಿವಿ ಕೆಡುತ್ತದೆಂದು ಪುಸ್ತಕದಲ್ಲಿ ಓದಿದವನೇ ನಾನು. ಆದರೂ ಕಿವಿಗೆ ಹತ್ತಿ ಇಟ್ಟುಕೊಂಡವರನ್ನು ನೋಡಿ ನಗುತ್ತಿದ್ದೆ. ನಿವೃತ್ತಿಯಾದ ಮರುವರ್ಷ, ಮೊಮ್ಮಗಳು ಕರೆದದ್ದು ಕೇಳಿಸುತ್ತಿಲ್ಲವೆಂದು ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಿವಿ ಪರೀಕ್ಷೆಯ ಗೆರೆ 4,000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದಂತೆ ಕೆಳಗಿಳಿದಿತ್ತು. ಸದ್ದಿನಿಂದ ಕೆಟ್ಟ ಕಿವಿಯ ಗುರುತೇ ಅದು. ‘ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳಿರಿ’ ಎಂದರು ವೈದ್ಯರು.

ಮನೆಗೆ ಬರುವಾಗ ದಾರಿಯಲ್ಲಿ ನನಗೆ ಎರಡು ಯೋಚನೆ ಬಂದವು. ಒಂದು, ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಇನ್ನು ಬಹಳ ಸಮಯವಿಲ್ಲ. ಇನ್ನೊಂದು, ದಿನಕ್ಕೆ ಎರಡು ತಾಸು ಸುರಂಗದೊಳಗೆ ಹೋಗಿ ಬರುತ್ತಿದ್ದ ಸಾಹೇಬನ ಕಿವಿಗೇ ಹೀಗಾದರೆ, ದಿನವಿಡೀ ಡ್ರಿಲ್ ಹಿಡಿದು ನಿಂತವರ ಕಿವಿ ಏನಾಗಿರಬೇಕು? ಕಿವಿಗವಸು ಕೊಡಿಸಲೇಬೇಕೆಂದು ಒಂದು ಆದೇಶ ಬರೆಯಲು ನನಗೆ ಐದು ನಿಮಿಷ ಸಾಕಾಗುತ್ತಿತ್ತು. ನಾನು ಬರೆಯಲಿಲ್ಲ. ಕಾಯಕವೇ ಕೈಲಾಸ ಎಂದು ಕಚೇರಿಯ ಗೋಡೆಗೆ ಫಲಕ ಹಾಕಿಸಿದವನೂ ನಾನೇ. ಕಾಯಕ ಮಾಡುವವರ ಕಿವಿಯನ್ನು ನೋಡಿಕೊಳ್ಳಲಿಲ್ಲ. ಕೇಳುವುದರ ಬಗ್ಗೆ ಮಾತಾಡುವಾಗ ಈ ಮಾತನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ ಎಂದು ಮೊದಲೇ ಹೇಳಿದ್ದೇನೆ.

ಹೀಗೆ ನಾನು ಸಂಗೀತ ಕೇಳಲು ಹೊರಟೆ. ಹೊರಟ ರೀತಿ ಮಾತ್ರ ಪಕ್ಕಾ ಎಂಜಿನಿಯರನದು! ರಾಗಗಳ ಪಟ್ಟಿ ಮಾಡಿದೆ. ಥಾಟುಗಳ ಕೋಷ್ಟಕ ಬರೆದೆ. ಯಾವ ರಾಗಕ್ಕೆ ಯಾವ ಸ್ವರ, ಯಾವ ವೇಳೆ ಎಂದು ಬಾಯಿಪಾಠ ಮಾಡಿದೆ. ನಂತರ ಧಾರವಾಡದಲ್ಲಿ ಒಂದು ಕಛೇರಿಗೆ ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ. ಇಪ್ಪತ್ತು ನಿಮಿಷವಾಯಿತು, ಇನ್ನೂ ಒಂದೇ ಸಾಲು. ಈ ವೇಗದಲ್ಲಿ ನಮ್ಮ ಕಾಮಗಾರಿ ನಡೆದಿದ್ದರೆ ಗುತ್ತಿಗೆದಾರರಿಗೆ ನೋಟಿಸು ಕೊಡುತ್ತಿದ್ದೆ ಎಂದುಕೊಂಡೆ. ಆಮೇಲೆ ನಿದ್ದೆ ಬಂತು. ಪಕ್ಕದವರು ಮೊಣಕೈಯಿಂದ ತಿವಿದಾಗ ಎದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದೆ. ಏಕೆ ತಟ್ಟಿದೆನೋ ನನಗೇ ತಿಳಿಯದು.

ನನ್ನ ಪುಣ್ಯಕ್ಕೆ ನಮ್ಮ ಓಣಿಯಲ್ಲಿ ಒಬ್ಬ ಮಾಸ್ತರರಿದ್ದಾರೆ. ಕಣ್ಣು ಕಾಣದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳೆದು, ಸಂಗೀತ ಕಲಿತು, ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಆ ಆಶ್ರಮದ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಗದಿಗೆಯ್ಯ ಎಂಬ ಅಂಧ ಬಾಲಕನ ಕೊರಳನ್ನು ಗುರುತಿಸಿ ಹಾನಗಲ್ಲ ಕುಮಾರ ಸ್ವಾಮಿಗಳು ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು (1892–1944). ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಆ ಕೆಲಸವನ್ನು ನಡೆಸಿದರು. ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಅನ್ನ, ಆಸರೆ, ಜೊತೆಗೆ ಒಂದು ವಿದ್ಯೆ. ಆ ಮಕ್ಕಳು ಊರೂರಿಗೆ ಹೋಗಿ ಸಂಗೀತ ಶಿಕ್ಷಕರಾದರು. ನಮ್ಮ ಹಳ್ಳಿಗಳಲ್ಲಿ ಹಾರ್ಮೋನಿಯಂ, ತಬಲಾ ಉಳಿದದ್ದರಲ್ಲಿ ಅವರ ಪಾಲು ದೊಡ್ಡದು.

ನಾನು ಮಾಸ್ತರರ ಬಳಿ ಹೋಗಿ ನನ್ನ ಕೋಷ್ಟಕವನ್ನೆಲ್ಲ ಓದಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ‘ಸಾಹೇಬ್ರ, ಊರಿನ ನಕಾಶೆ ಬಾಯಿಪಾಠ ಮಾಡೀರಿ. ಊರಾಗ ಒಮ್ಮೆರ ಅಡ್ಡಾಡೀರೇನು?’ ಎಂದರು. ‘ನನ್ನ ಕಿವಿ ಪೂರಾ ಇಲ್ಲ ಮಾಸ್ತರ್’ ಎಂದೆ. ‘ನನ್ನ ಕಣ್ಣ ಪೂರಾ ಇಲ್ಲ. ಇರೂ ಕಿವೀಲೆ ಕೇಳ್ರಿ’ ಎಂದರು. ಅಲ್ಲಿಂದ ಪಾಠ ಶುರುವಾಯಿತು. ಆ ಆರು ವರ್ಷದ ಪಾಠದ ಸಾರವನ್ನಷ್ಟೇ ಇಂದು ನಿಮ್ಮ ಮುಂದೆ ಇಡುತ್ತೇನೆ. ಹೊಸಬರು ಯಾರಾದರೂ ನಾಳೆಯಿಂದಲೇ ಮಾಡಿ ನೋಡಬಹುದು.

ಮೊದಲ ಪಾಠ ತಂಬೂರಿಯದು. ಒಂದು ತಿಂಗಳು ನನಗೆ ಹಾಡನ್ನೇ ಕೇಳಿಸಲಿಲ್ಲ. ದಿನಾ ಹತ್ತು ನಿಮಿಷ ಬರೀ ತಂಬೂರಿ. ಅದಕ್ಕೆ ನಾಲ್ಕು ತಂತಿ. ಸಾಮಾನ್ಯವಾಗಿ ಮೊದಲನೆಯದು ಪಂಚಮ, ನಡುವಿನ ಎರಡು ಷಡ್ಜ, ಕೊನೆಯದು ಕೆಳಗಿನ ಷಡ್ಜ. ಅದನ್ನು ಖರ್ಜ ಅನ್ನುತ್ತಾರೆ. ಷಡ್ಜಕ್ಕೂ ಪಂಚಮಕ್ಕೂ ಕಂಪನದ ಲೆಕ್ಕದಲ್ಲಿ ಎರಡಕ್ಕೆ ಮೂರರ ಸಂಬಂಧ. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಸಣ್ಣ ದಾರ ಸಿಕ್ಕಿಸಿರುತ್ತಾರೆ. ಅದನ್ನು ಹಿಂದೆ ಮುಂದೆ ಸರಿಸಿ ಸರಿಯಾದ ಜಾಗಕ್ಕೆ ತಂದಾಗ ತಂತಿ ಝೇಂಕರಿಸುತ್ತದೆ. ಇಷ್ಟು ನನಗೆ ಪುಸ್ತಕದಿಂದ ಗೊತ್ತಿತ್ತು. ಮೂರು ವಾರದ ನಂತರ ಒಂದು ಮುಂಜಾನೆ ನನಗೆ ತಂಬೂರಿಯಲ್ಲಿ ಗಾಂಧಾರ ಕೇಳಿಸಿತು. ಗಾಂಧಾರಕ್ಕೆ ಅಲ್ಲಿ ತಂತಿಯೇ ಇಲ್ಲ! ಮಾಸ್ತರರಿಗೆ ಅಂಜುತ್ತಲೇ ಹೇಳಿದೆ, ಕಿವಿಯ ದೋಷವೇನೋ ಎಂದು. ಅವರು ನಕ್ಕು, ‘ಈಗ ಕಿವಿ ತೆರೀತು’ ಎಂದರು.

ಇದರಲ್ಲಿ ಪವಾಡವೇನೂ ಇಲ್ಲ. ಒಂದು ತಂತಿ ಮೀಟಿದರೆ ಅದು ತನ್ನ ಮೂಲ ಕಂಪನದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು, ಐದು ಪಟ್ಟು ವೇಗದಲ್ಲೂ ಕಂಪಿಸುತ್ತಿರುತ್ತದೆ. ಖರ್ಜದ ತಂತಿ ಸೆಕೆಂಡಿಗೆ 70 ಸಲ ಕಂಪಿಸಿದರೆ ಅದರ ಐದು ಪಟ್ಟು 350. ಆ ಐದನೆಯ ಪಾಲೇ ಗಾಂಧಾರ. ಅದು ಮೊದಲ ದಿನದಿಂದಲೂ ಅಲ್ಲಿಯೇ ಇತ್ತು. ನನಗೆ ಕೇಳಿಸಿರಲಿಲ್ಲ ಅಷ್ಟೇ. ನನ್ನ ಕಿವಿ ಕೆಟ್ಟಿದ್ದು 4,000ದ ಹತ್ತಿರ, 350ರಲ್ಲಿ ಅಲ್ಲ. ಹಾಗಾದರೆ ಅಷ್ಟು ದಿನ ನನಗೆ ಅಡ್ಡ ಬಂದದ್ದು ಕಿವಿಯಲ್ಲ, ಅವಸರ. ಬಂಧುಗಳೇ, ನಮ್ಮಲ್ಲಿ ಬಹಳ ಜನ ‘ನಮಗೆ ಸಂಗೀತದ ಕಿವಿ ಇಲ್ಲ’ ಎನ್ನುತ್ತೇವೆ. ನನ್ನ ಅನುಭವ ಹೇಳುವುದೇನೆಂದರೆ, ಕಿವಿ ಇದೆ. ಕೂಡುವ ತಾಳ್ಮೆ ಇಲ್ಲ.

ಎರಡನೆಯ ಪಾಠ, ಒಂದೇ ರಾಗ. ಮಾಸ್ತರರು ಆರಿಸಿದ್ದು ಭೂಪ. ಇದರಲ್ಲಿ ಐದೇ ಸ್ವರ: ಸ, ರಿ, ಗ, ಪ, ಧ. ಮಧ್ಯಮವಿಲ್ಲ, ನಿಷಾದವಿಲ್ಲ. ಕರ್ನಾಟಕ ಸಂಗೀತದಲ್ಲಿ ಇವೇ ಸ್ವರಗಳ ರಾಗ ಮೋಹನ. ರಾತ್ರಿಯ ಮೊದಲ ಜಾವದ ರಾಗ ಇದು. ಎರಡು ತಿಂಗಳು ನಾನು ಭೂಪ ಬಿಟ್ಟು ಬೇರೆ ಕೇಳಲಿಲ್ಲ. ಕಿಶೋರಿ ಅಮೋಣಕರ್ ಅವರ ಭೂಪ ಧ್ವನಿಮುದ್ರಣವನ್ನು ಎಷ್ಟು ಸಲ ಹಾಕಿದೆನೆಂದರೆ, ನಮ್ಮ ಮನೆಯವರು ರೊಟ್ಟಿ ಬಡಿಯುತ್ತ ಅದನ್ನೇ ಗುನುಗುತ್ತಿದ್ದರು. ಅವರಿಗೆ ನನಗಿಂತ ಬೇಗ ಬಂತು!

ನಂತರ ಒಂದು ದಿನ ಮಾಸ್ತರರು ಹಾರ್ಮೋನಿಯಂ ಹಿಡಿದು ಬೇರೊಂದು ರಾಗ ಹಾಡಿದರು. ‘ಸ್ವರ ಯಾವ ಅದಾವ ಹೇಳ್ರಿ’ ಎಂದರು. ಎಣಿಸಿದೆ. ಅವೇ ಐದು. ‘ಭೂಪ’ ಎಂದೆ. ‘ಅಲ್ಲ, ದೇಶಕಾರ. ಮುಂಜಾನೆ ರಾಗ’ ಎಂದರು. ನನಗೆ ಸಿಟ್ಟೇ ಬಂತು. ಅವೇ ಸ್ವರ, ಹೆಸರು ಎರಡು, ಇದೆಂಥ ಶಾಸ್ತ್ರ? ಆಗ ಅವರು ಎರಡನ್ನೂ ಒಂದಾದ ಮೇಲೊಂದು ಮೆಲ್ಲಗೆ ಹಾಡಿ ತೋರಿಸಿದರು. ಭೂಪದಲ್ಲಿ ಭಾರವೆಲ್ಲ ಗಾಂಧಾರದ ಮೇಲೆ. ಸುತ್ತಾಡಿ ಬಂದು ಅಲ್ಲಿ ಕೂಡುತ್ತದೆ. ದೇಶಕಾರದಲ್ಲಿ ಭಾರ ಧೈವತದ ಮೇಲೆ. ಅದರ ಓಡಾಟವೆಲ್ಲ ಮೇಲಿನ ಅರ್ಧದಲ್ಲಿ. ಶಾಸ್ತ್ರದಲ್ಲಿ ಇದನ್ನು ವಾದಿಸ್ವರ ಅನ್ನುತ್ತಾರೆ. ನನಗೆ ಅದು ನನ್ನ ಭಾಷೆಯಲ್ಲಿ ತಿಳಿಯಿತು. ಅದೇ ಸಿಮೆಂಟು, ಅದೇ ಉಸುಕು, ಅದೇ ಜಲ್ಲಿ, ಅದೇ ಕಬ್ಬಿಣ. ಭಾರ ಯಾವ ಕಂಬದ ಮೇಲೆ ಬರುತ್ತದೆ ಎಂಬುದರ ಮೇಲೆ ಒಂದು ಸೇತುವೆಯಾಗುತ್ತದೆ, ಇನ್ನೊಂದು ನೀರಿನ ಟಾಕಿಯಾಗುತ್ತದೆ. ಸಾಮಾನಿನ ಪಟ್ಟಿ ಓದಿದರೆ ಕಟ್ಟಡ ಕಾಣುವುದಿಲ್ಲ. ನನ್ನ ಕೋಷ್ಟಕ ಏಕೆ ಕೆಲಸಕ್ಕೆ ಬರಲಿಲ್ಲ ಎಂಬುದು ಅಂದು ಗೊತ್ತಾಯಿತು.

ಮೂರನೆಯ ಪಾಠ ತಾಳದ್ದು. ತೀನತಾಳಕ್ಕೆ ಹದಿನಾರು ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಭಾಗ. ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ. ಒಂಬತ್ತಕ್ಕೆ ಖಾಲಿ, ಅಂದರೆ ಬರಿಗೈ. ನಾನು ತೊಡೆಯ ಮೇಲೆ ಬೆರಳು ಬಡಿದು ಎಣಿಸುತ್ತ ಕೂಡುತ್ತಿದ್ದೆ. ಆ ಸದ್ದು ಮಾಸ್ತರರಿಗೆ ಕೇಳಿಸುತ್ತಿತ್ತು. ‘ಎಣಸೂದು ಬಿಡ್ರಿ, ಡಗ್ಗಾ ಕೇಳ್ರಿ’ ಎಂದರು. ಕೇಳಿದೆ. ಒಂಬತ್ತು ದಾಟಿದ ಕೂಡಲೇ ಎಡಗೈಯ ‘ಗುಂ’ ಎಂಬ ತುಂಬು ಸದ್ದು ಮಾಯವಾಗುತ್ತದೆ. ಹದಿನಾಲ್ಕರ ಹೊತ್ತಿಗೆ ಮರಳಿ ಬರುತ್ತದೆ. ಹಾಗೆ ಬಂತೆಂದರೆ ‘ಸಮ್’ ಹತ್ತಿರವಾಯಿತು, ಒಂದನೆಯ ಮಾತ್ರೆಗೆ ಹಾಡುವವರೂ ತಬಲಾದವರೂ ಕೂಡಿಯೇ ಬಂದು ಇಳಿಯುತ್ತಾರೆ ಎಂದು ಲೆಕ್ಕ. ದಪ್ಪ ಸದ್ದು ನನಗೆ ಚೆನ್ನಾಗಿ ಕೇಳುತ್ತದೆ, ಆದ್ದರಿಂದ ಇದು ನನಗೆ ಬೇಗ ಹತ್ತಿತು. ಮೊದಲ ಸಲ ಸಮ್ ಬರುವ ಮುಂಚೆಯೇ ಅದರ ಸುಳಿವು ಸಿಕ್ಕು ನನ್ನ ತಲೆ ತಾನಾಗಿ ಬಾಗಿದಾಗ ಆದ ಸಂತೋಷವನ್ನು ಹೇಳಲಾರೆ. ಕಛೇರಿಯಲ್ಲಿ ಜನ ಒಟ್ಟಿಗೆ ‘ವಾಹ್’ ಎನ್ನುವುದು ಅದಕ್ಕೇ ಎಂದು ತಿಳಿಯಿತು.

ನಾಲ್ಕನೆಯದು, ಶಬ್ದದ ಬೆನ್ನು ಹತ್ತಬಾರದು. ಖಯಾಲಿನ ಸಾಹಿತ್ಯ ಹೆಚ್ಚಾಗಿ ವ್ರಜ ಭಾಷೆಯದು, ಎರಡೇ ಎರಡು ಭಾಗ: ಸ್ಥಾಯಿ ಮತ್ತು ಅಂತರಾ. ಅರ್ಥ ತಿಳಿಯಲಿಲ್ಲವೆಂದು ಹೊಸಬರು ಅಲ್ಲಿಯೇ ಕೈ ಬಿಡುತ್ತಾರೆ. ಮೊದಲು ನಿಧಾನದ ವಿಲಂಬಿತ, ಆಮೇಲೆ ವೇಗದ ದ್ರುತ. ವಿಲಂಬಿತದಲ್ಲಿ ಹಾಡುವವರು ರಾಗವನ್ನು ಒಂದೊಂದೇ ಸ್ವರವಾಗಿ ತೆರೆಯುತ್ತ ಹೋಗುತ್ತಾರೆ. ಕೆಳಗಿನಿಂದ ಶುರುಮಾಡಿ ಮೇಲಿನ ಷಡ್ಜವನ್ನು ಮುಟ್ಟುವ ತನಕ ಎಷ್ಟು ಸಲ ಅದರ ಹತ್ತಿರ ಹೋಗಿ ಮರಳುತ್ತಾರೆ ನೋಡಿರಿ. ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ ರೈತರು ದಂಡೆಯ ಮೇಲೆ ನಿಂತು ನೋಡುತ್ತಾರಲ್ಲ, ಹಾಗೆ ಕಾಯಬೇಕು. ನೀರು ಒಂದೇ ಸಲಕ್ಕೆ ಬರುವುದಿಲ್ಲ. ಮಣ್ಣು ಕುಡಿಯುತ್ತದೆ, ತಗ್ಗು ತುಂಬುತ್ತದೆ, ಆಮೇಲೆ ಮುಂದೆ ಹರಿಯುತ್ತದೆ. ಇಪ್ಪತ್ತು ನಿಮಿಷಕ್ಕೆ ಒಂದೇ ಸಾಲು ಎಂದು ನೋಟಿಸು ಕೊಡಲು ಹೊರಟಿದ್ದ ಎಂಜಿನಿಯರನಿಗೆ ಇದು ಹೊಳೆಯಲು ಒಂದು ವರ್ಷ ಬೇಕಾಯಿತು.

ಇಷ್ಟು ಹೇಳಿದಾಗ ನಮ್ಮ ಬಳಗದ ಒಬ್ಬ ಹಿರಿಯರು ಕಳೆದ ವಾರ ನನ್ನನ್ನು ತಡೆದು ಒಂದು ಪ್ರಶ್ನೆ ಕೇಳಿದರು. ಅದನ್ನು ಇಲ್ಲಿ ಬಚ್ಚಿಡುವುದಿಲ್ಲ. ‘ಇದು ರಾಜರ ಆಸ್ಥಾನದ ವಿದ್ಯೆ, ಬಿಡುವಿದ್ದವರ ವಿಲಾಸ. ಶರಣರಿಗೆ ಇದರಿಂದ ಏನಾಗಬೇಕು? ನಾದಕ್ಕಿಂತ ಭಕ್ತಿ ದೊಡ್ಡದೆಂದು ಬಸವಣ್ಣನವರೇ ಹೇಳಲಿಲ್ಲವೇ?’ ಸರಿಯಾದ ಪ್ರಶ್ನೆ. ದೇವರು ನಾದಕ್ಕೂ ವೇದಕ್ಕೂ ಒಲಿಯುವವನಲ್ಲ, ಭಕ್ತಿಗೆ ಮಾತ್ರ ಒಲಿಯುವವನು ಎಂದು ಅವರ ವಚನ ರಾವಣನ ದೃಷ್ಟಾಂತ ಕೊಟ್ಟು ಹೇಳುತ್ತದೆ. ತಾಳದ, ಛಂದಸ್ಸಿನ ಲೆಕ್ಕ ತಮಗೆ ತಿಳಿಯದೆಂದು ಇನ್ನೊಂದರಲ್ಲಿ ಹೇಳಿಕೊಂಡಿದ್ದಾರೆ. ಆದರೆ ಅದೇ ಬಸವಣ್ಣನವರು ಮತ್ತೊಂದು ವಚನದಲ್ಲಿ ತಮ್ಮ ದೇಹವನ್ನೇ ತಂತಿವಾದ್ಯವಾಗಿಸಿ, ಮೂವತ್ತೆರಡು ರಾಗಗಳಲ್ಲಿ ನುಡಿಸೆಂದು ದೇವರನ್ನು ಬೇಡಿಕೊಂಡಿದ್ದಾರೆ.

ಇವೆರಡರಲ್ಲಿ ವಿರೋಧವಿದೆಯೇ? ನನ್ನ ಅಲ್ಪ ತಿಳಿವಳಿಕೆಗೆ ಹಾಗೆ ಕಾಣುವುದಿಲ್ಲ. ಸಂಗೀತ ಬಲ್ಲೆನೆಂಬ ಹಮ್ಮನ್ನು ಅವರು ತಳ್ಳಿದರು, ಸಂಗೀತವನ್ನಲ್ಲ. ರಾವಣನ ಕಥೆಯಲ್ಲಿ ನುಡಿಸುವವನು ತಾನು. ಬಸವಣ್ಣನವರ ಬೇಡಿಕೆಯಲ್ಲಿ ತಾನು ಬರೀ ವಾದ್ಯ. ವಾದ್ಯ ಎಂದರೆ ಮೊದಲು ಶ್ರುತಿಗೆ ಒಗ್ಗಬೇಕು, ಸುಮ್ಮನಿರಲು ಕಲಿಯಬೇಕು. ಸಂಗೀತ ಕೇಳಿದರೆ ಪುಣ್ಯ ಬರುತ್ತದೆಂದು ನಾನು ಹೇಳಲಾರೆ. ನಾಲ್ಕು ರಾಗ ಗುರುತಿಸಿದೆನೆಂದು ಹೆಮ್ಮೆಪಟ್ಟರೆ ಅದು ಇನ್ನೊಂದು ಡಂಭಾಚಾರವೇ. ಆದರೆ ಒಂದು ತಾಸು ತನ್ನ ಮಾತು, ತನ್ನ ಅಭಿಪ್ರಾಯ, ತನ್ನ ಅವಸರ ಬಿಟ್ಟು ಇನ್ನೊಬ್ಬರ ಉಸಿರಿಗೆ ಕಿವಿಗೊಟ್ಟು ಕೂಡುವುದು ಸಣ್ಣ ಸಾಧನೆಯಲ್ಲ. ಅದು ನನಗೆ ಬೇರೆಲ್ಲೂ ಬಂದಿರಲಿಲ್ಲ. ಸುರಂಗದ ಕೂಲಿಕಾರರು ಕಿವಿನೋವೆಂದು ಹೇಳಿದ್ದರೇನೋ. ಆಗ ನನಗೆ ಕೇಳಿಸಿರಲಿಲ್ಲ. ಆಗ ನನ್ನ ಕಿವಿ ಗಟ್ಟಿಯಾಗಿಯೇ ಇತ್ತು.

ಇನ್ನು ಆಸ್ಥಾನದ ವಿದ್ಯೆ ಎಂಬ ಮಾತು. ಆಸ್ಥಾನಗಳಲ್ಲಿ ಬೆಳೆದದ್ದು ನಿಜ. ಆದರೆ ನಮ್ಮ ಸೀಮೆಯಲ್ಲಿ ಅದು ಯಾರ ಕೈ ಸೇರಿತು ನೋಡಿರಿ. ಧಾರವಾಡದ ಹತ್ತಿರದ ಮನಸೂರು ಹಳ್ಳಿಯ ಮಲ್ಲಿಕಾರ್ಜುನ ಮನಸೂರರು (1910–1992) ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿದ್ದರು. ಮೀರಜದ ನೀಲಕಂಠಬುವಾ ಅವರಿಗೆ ಗುರುವಾದರು. ನಂತರ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನರು, ಭೂರ್ಜಿ ಖಾನರು ಕಲಿಸಿದರು. ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದರು. ಸವಾಯಿ ಗಂಧರ್ವರು ಗಂಗೂಬಾಯಿ ಹಾನಗಲ್ಲ ಅವರಿಗೆ, ಭೀಮಸೇನ ಜೋಶಿಯವರಿಗೆ ಕಲಿಸಿದರು. ಗಂಗೂಬಾಯಿಯವರು ಬಾಲ್ಯದಲ್ಲಿ ಜಾತಿಯ ಕಾರಣಕ್ಕೆ ನಿಂದೆ ಉಂಡವರು. ಮುಸಲ್ಮಾನ ಉಸ್ತಾದರಿಂದ ಲಿಂಗಾಯತ ಹುಡುಗನಿಗೆ, ಬ್ರಾಹ್ಮಣ ಗುರುವಿನಿಂದ ಶೂದ್ರಳೆನಿಸಿಕೊಂಡ ಹುಡುಗಿಗೆ ಹೀಗೆ ವಿದ್ಯೆ ಹರಿಯಿತು. ಎಲ್ಲ ಕಡೆ ಹೀಗೆಯೇ ಆಯಿತೆಂದು ಹೇಳುತ್ತಿಲ್ಲ. ಆದರೆ ಹುಬ್ಬಳ್ಳಿ-ಧಾರವಾಡ-ಗದಗಿನ ನೆಲದಲ್ಲಿ ಆಗಿದೆ. ನಮ್ಮ ಅಪ್ಪನಂಥ ನಾಲ್ಕನೆಯ ಇಯತ್ತೆಯ ರೈತ ಕಟ್ಟೆಯ ಮೇಲೆ ಕೂತು ಅದನ್ನು ತನ್ನದು ಎಂದುಕೊಂಡು ಕೇಳಿದರು. ಅದನ್ನು ಪರರದು ಎಂದುಕೊಂಡವನು ಪದವಿ ಪಡೆದ ಮಗ.

ಕೊನೆಯದಾಗಿ, ಇದರಿಂದ ನನಗೆ ಸಿಕ್ಕ ದೊಡ್ಡ ಲಾಭ ಹೇಳುತ್ತೇನೆ. ಮನಸೂರರು ವಚನಗಳನ್ನು ಹಾಡಿದ್ದಾರೆ. ಅಕ್ಕಮಹಾದೇವಿ ತಾನು ಕಂಡ ಕನಸನ್ನು ಹೇಳಿಕೊಳ್ಳುವ ವಚನ ಅವುಗಳಲ್ಲಿ ಒಂದು. ಆ ಮುದ್ರಣ ನಮ್ಮ ಮನೆಯಲ್ಲಿ ವರ್ಷಗಳಿಂದ ಇತ್ತು. ನಾನು ಅದನ್ನು ಕೇಳುತ್ತಿದ್ದದ್ದು ಭಾಷಣ ಕೇಳಿದ ಹಾಗೆ. ಸಾಲು ಬಂತು, ಅರ್ಥವಾಯಿತು, ಮುಂದಿನ ಸಾಲು ಬರಲಿ. ಅವರು ಬಂದ ಸಾಲಿಗೇ ಮತ್ತೆ ಹೋದರೆ ನನಗೆ ಬೇಸರ. ರಾಗ ಕೇಳಲು ಕಲಿತ ಮೇಲೆ ಅದೇ ಮುದ್ರಣವನ್ನು ಒಂದು ರಾತ್ರಿ ಹಾಕಿದೆ. ಅಂದು ತಿಳಿಯಿತು: ಮರಳಿ ಬಂದಾಗ ಸಾಲು ಅದೇ ಇದ್ದರೂ ತೂಕ ಬೇರೆ. ಒಮ್ಮೆ ಅಕ್ಕ ಗೆಳತಿಯನ್ನು ಕರೆಯುತ್ತಾಳೆ, ಒಮ್ಮೆ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಾಳೆ, ಒಮ್ಮೆ ಹೇಳಲಾರದೆ ನಿಲ್ಲುತ್ತಾಳೆ. ಭೂಪದ ಗಾಂಧಾರವೂ ದೇಶಕಾರದ ಗಾಂಧಾರವೂ ಒಂದೇ ಅಲ್ಲವಲ್ಲ, ಹಾಗೆ. ನಲವತ್ತು ವರ್ಷ ವಚನ ಓದಿದವನು ನಾನು, ವ್ಯಾಖ್ಯಾನ ಮಾಡಿದವನು. ಕೇಳಿದ್ದು ಅಂದೇ ಮೊದಲು. ಕಣ್ಣಲ್ಲಿ ನೀರು ಬಂತು. ಅಪ್ಪ ಕಟ್ಟೆಯ ಮೇಲೆ ಒಬ್ಬರೇ ಕೂತದ್ದು ನೆನಪಾಯಿತು.

ಈಗ ನಮ್ಮ ಮಠಕ್ಕೆ, ನಮ್ಮ ಬಳಗಕ್ಕೆ ನನ್ನದು ಮೂರು ವಿನಂತಿ. ಒಂದು, ಪ್ರತಿ ಗೋಷ್ಠಿಯ ಕೊನೆಗೆ ಅರ್ಧ ತಾಸು ಕೇಳಲಿಕ್ಕೆಂದೇ ಇಟ್ಟುಕೊಳ್ಳೋಣ. ತಿಂಗಳಿಗೆ ಒಂದೇ ರಾಗ, ಅದೇ ರಾಗದಲ್ಲಿ ಒಂದು ವಚನ. ವರ್ಷಕ್ಕೆ ಹನ್ನೆರಡು ರಾಗವಾದವು. ನನ್ನಂಥ ಹೊಸಬರಿಗೆ ಅದು ಧಾರಾಳ. ಮಕ್ಕಳನ್ನೂ ಕೂಡಿಸಿರಿ, ಆದರೆ ‘ಇದು ಯಾವ ರಾಗ ಹೇಳು’ ಎಂದು ಪರೀಕ್ಷೆ ಮಾಡಬೇಡಿರಿ. ಎರಡು, ನಮ್ಮ ಕಾರ್ಯಕ್ರಮಗಳ ಧ್ವನಿವರ್ಧಕದ ಸದ್ದು ಇಳಿಸೋಣ. ಎದೆ ನಡುಗುವಂತೆ ಸದ್ದು ಮಾಡಿದರೆ ಭಕ್ತಿ ಹೆಚ್ಚುವುದಿಲ್ಲ, ಕಿವಿ ಕೆಡುತ್ತದೆ. ಕೆಟ್ಟ ಕಿವಿ ಹೊತ್ತುಕೊಂಡೇ ಹೇಳುತ್ತಿದ್ದೇನೆ. ಮೂರು, ನಮ್ಮ ಬಳಗದಲ್ಲಿ ಕಾರ್ಖಾನೆ, ಕಲ್ಲುಕ್ವಾರಿ, ಗಿರಣಿ ನಡೆಸುವ ಶರಣರಿದ್ದೀರಿ. ನಿಮ್ಮಲ್ಲಿ ಕಾಯಕ ಮಾಡುವವರಿಗೆ ಕಿವಿಗವಸು ಕೊಡಿಸಿರಿ, ಅವರು ಅದನ್ನು ಹಾಕಿಕೊಳ್ಳುವಂತೆ ನೋಡಿಕೊಳ್ಳಿರಿ. ನಾನು ಮಾಡದೆ ಬಿಟ್ಟದ್ದನ್ನು ನೀವು ಮಾಡಿರಿ. ಸಂಜೆ ಮನೆಗೆ ಹೋಗಿ ಒಂದು ಹಾಡು ಕೇಳುವ ಕಿವಿ ಅವರಿಗೂ ಉಳಿಯಲಿ.

ಕಿವಿಗೆ ಯಂತ್ರ ಹಾಕಿಕೊಂಡ ಹಿರಿಯರು ಇಲ್ಲಿ ಕೆಲವರಿದ್ದೀರಿ. ಅದನ್ನು ಮಾತು ಕೇಳಲೆಂದು ಹೊಂದಿಸಿರುತ್ತಾರೆ. ಸಂಗೀತ ಅದರಲ್ಲಿ ಒಡಕಲಾಗಿ ಕೇಳಬಹುದು. ಸಂಗೀತಕ್ಕೆಂದು ಬೇರೆ ಹೊಂದಾಣಿಕೆ ಮಾಡಿಕೊಡಿರೆಂದು ಶ್ರವಣತಜ್ಞರನ್ನು ಕೇಳಿರಿ. ನನಗೆ ಮಾಡಿಕೊಟ್ಟಿದ್ದಾರೆ, ಬಹಳ ಅನುಕೂಲವಾಗಿದೆ.

ನನ್ನ ಮಾತು ಉದ್ದವಾಯಿತು. ಆಗಲೇ ಮಾಸ್ತರರು ತಂಬೂರಿಯ ಶ್ರುತಿ ಸೇರಿಸುತ್ತಿದ್ದಾರೆ. ಹೊತ್ತು ಮುಳುಗಿದೆ, ಭೂಪದ ವೇಳೆ. ಅವರು ಮೊದಲು ಭೂಪ ಹಾಡುತ್ತಾರೆ, ಆಮೇಲೆ ಅದೇ ರಾಗದಲ್ಲಿ ಒಂದು ವಚನ. ದಯವಿಟ್ಟು ಮೊಬೈಲು ಬಂದ್ ಮಾಡಿರಿ. ಪ್ರಸಾದ ಸಿದ್ಧವಾಗಿದೆ ಎಂಬುದು ನನಗೂ ಗೊತ್ತು, ಹುಗ್ಗಿಯ ವಾಸನೆ ಇಲ್ಲಿಗೂ ಬರುತ್ತಿದೆ. ಆದರೂ ನಡುವೆ ಯಾರೂ ಏಳಬೇಡಿರಿ. ಮೊದಲ ಹತ್ತು ನಿಮಿಷ ಏನೂ ತಿಳಿಯದಿದ್ದರೆ ಚಿಂತೆಯಿಲ್ಲ. ತಿಳಿಯುವ ತನಕ ಕೂತು ಕೇಳೋಣ.